ಶೇಕಡಾ ನಲವತ್ತೊಂದರಲ್ಲಿ ನಿಂತ ಆತ್ಮ

ಮೂವತ್ತು ವರ್ಷಗಳಿಂದ ದಾರಿ ತಪ್ಪಿದ ಮನುಷ್ಯರನ್ನು ತಿದ್ದುತ್ತಾ ಬಂದಿರುವ ನನಗೆ ಒಂದು ಕೀಲಿಮಣೆಯನ್ನು ತಿದ್ದುವುದು ಯಾವ ಮಹಾಕಾರ್ಯ? ಹೀಗೆಂದು ಆ ಶನಿವಾರ ಸಂಜೆ ನಾಲ್ಕು ಗಂಟೆಗೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಕೇಳಿಕೊಂಡೆ. ಕನ್ನಡಿಯಲ್ಲಿದ್ದ ಮಹಾಶಯರು ಗಂಭೀರವಾಗಿ ತಲೆದೂಗಿದರು. ಮನೆಯಲ್ಲಿ ನನ್ನ ಯೋಜನೆಯನ್ನು ಒಪ್ಪಿದವರು ಅವರೊಬ್ಬರೇ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು!

ವಾರದ ಆರು ದಿನ ನಾನು ನೀರಿನ ಮೀಟರುಗಳನ್ನು ಪರೀಕ್ಷಿಸುತ್ತೇನೆ. ಏಳನೆಯ ದಿನ ನಮ್ಮ ಪ್ರಾರ್ಥನಾ ಸಭೆಯಲ್ಲಿ ನಿಂತು ದೇವರ ಕರುಣೆಯನ್ನು ಕುರಿತು ಮಾತನಾಡುತ್ತೇನೆ. ಸಭಾಂಗಣದ ಎಡಭಾಗದ ಮೊದಲ ಸಾಲಿನಲ್ಲಿ ಕಿವಿ ಕೇಳಿಸದ ಆರು ಮಂದಿ ಕುಳಿತುಕೊಳ್ಳುತ್ತಾರೆ. ಅವರ ಎದುರಿಗೆ, ನನಗೆ ಬೆನ್ನು ಮಾಡಿ, ಒಂದು ಪರದೆ ಇದೆ. ನಾನು ಆಡಿದ ಮಾತನ್ನು ಆಡಿದ ಕ್ಷಣವೇ ಟೈಪು ಮಾಡಿ ಆ ಪರದೆಯ ಮೇಲೆ ಮೂಡಿಸುವವಳು ನನ್ನ ಹೆಂಡತಿ. ನಾಲ್ಕು ವರ್ಷಗಳಿಂದ ಒಂದು ವಾರವೂ ತಪ್ಪದೆ ನಡೆದ ಸೇವೆ ಇದು. ತಪ್ಪಿದ್ದು ಒಂದೇ ಒಂದು ಸಲ, ಅದನ್ನು ಮುಂದೆ ಹೇಳುತ್ತೇನೆ.

ಆ ಆರು ಮಂದಿಯ ಬಗ್ಗೆ ನನಗೆ ವಿಶೇಷ ಅಭಿಮಾನ. ಉಳಿದವರು ಆಕಳಿಸುವಾಗಲೂ ಅವರ ಮುಖದಲ್ಲಿ ಒಂದು ಮಂದಹಾಸ ಇರುತ್ತದೆ. ಕೆಲವೊಮ್ಮೆ ನಾನು ಅತ್ಯಂತ ಗಂಭೀರವಾದ ಮಾತನ್ನು ಆರಂಭಿಸಿದಾಗ ಅವರು ಪರಸ್ಪರ ಮುಖ ನೋಡಿಕೊಂಡು ನಗುತ್ತಾರೆ. ಕಿವಿಯಿಂದ ಕೇಳುವವರಿಗಿಂತ ಹೃದಯದಿಂದ ಕೇಳುವವರಿಗೆ ಹೆಚ್ಚು ಅರ್ಥವಾಗುತ್ತದೆ ಎಂದು ನಾನು ಎರಡು ಸಭೆಗಳಲ್ಲಿ ಅವರನ್ನೇ ಉದಾಹರಣೆಯಾಗಿ ಕೊಟ್ಟದ್ದೂ ಉಂಟು.

ಇನ್ನು ಕೀಲಿಮಣೆ. ಬಾಗಿಲಿಗೆ ಸಿಕ್ಕಿ ಜಜ್ಜಿದ ದಿನದಿಂದ ನನ್ನ ಹೆಂಡತಿಯ ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಸಾಮಾನ್ಯ ಕೀಲಿಮಣೆಯಲ್ಲಿ ಆ ಕೈ ಹತ್ತು ನಿಮಿಷಕ್ಕೆ ಸೋಲುತ್ತದೆ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ನನ್ನ ಬಾಮೈದ ಅಕ್ಕನಿಗೆಂದೇ ಒಂದು ಪುಟ್ಟ ಕೀಲಿಮಣೆಯನ್ನು ಕೈಯಾರೆ ಜೋಡಿಸಿಕೊಟ್ಟ. ಎರಡು ಅಂಗೈಗಳಷ್ಟು ಅಗಲ, ನಲವತ್ತೆಂಟೇ ಕೀಲಿಗಳು. ಮಡಿಲಲ್ಲಿ ಇಟ್ಟುಕೊಂಡು ಎಂಟು ಬೆರಳಲ್ಲಿ ಬಾರಿಸಬಹುದು. ಕೆಳಗಿನ ಹೆಬ್ಬೆರಳಿನ ಕೀಲಿಯನ್ನು ಒತ್ತಿ ಹಿಡಿದರೆ ಉಳಿದ ಕೀಲಿಗಳೆಲ್ಲ ಬೇರೆಯೇ ಕೆಲಸಕ್ಕೆ ಸಿದ್ಧವಾಗುತ್ತವೆ. ಯಾವ ಕೆಲಸ ಎಂದು ನಾನು ಎಂದೂ ಕೇಳಿರಲಿಲ್ಲ. ಯಾವ ಕೀಲಿ ಏನನ್ನು ನುಡಿಯಬೇಕು ಎಂಬುದನ್ನು ಒಳಗಿನ ಚಿಪ್‌ನಲ್ಲಿ ಬರೆದಿಟ್ಟ ಫರ್ಮ್‌ವೇರ್ ಎಂಬುದು ನಿರ್ಧರಿಸುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಕೀಲಿಮಣೆ ದೇಹ, ಫರ್ಮ್‌ವೇರ್ ಆತ್ಮ.

ಈ ಆತ್ಮಕ್ಕೆ ಈಚೆಗೆ ಒಂದು ಸಣ್ಣ ತೊದಲು ಬಂದಿತ್ತು. ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಬೀಳುತ್ತಿತ್ತು. ಚಿಪ್ ಮಾರುವವರ ಜಾಲತಾಣದಲ್ಲಿ ತೊದಲು ನಿವಾರಿಸುವ ಹೊಸ ಫರ್ಮ್‌ವೇರ್ ಬಂದಿದೆ ಎಂದು ನಾನೇ ಹುಡುಕಿ ಹೇಳಿದೆ. ನನ್ನ ಹೆಂಡತಿ ಸಭಾಂಗಣಕ್ಕೆ ಕುರ್ಚಿ ಹಾಕಿಸಲು ಹೊರಟವಳು ಬಾಗಿಲಲ್ಲೇ ನಿಂತು ಹೇಳಿದಳು:

“ನಾಳೆ ಸಭೆ ಮುಗೀಲಿ ರೀ. ಆಮೇಲೆ ನನ್ನ ತಮ್ಮ ಫೋನಿಗೆ ಸಿಕ್ಕಾಗ ಅವನನ್ನೇ ಕೇಳಿ ಹಾಕೋಣ. ಅಲ್ಲೀವರೆಗೆ ಅದನ್ನ ಮುಟ್ಟಬೇಡಿ.”

ಮುಟ್ಟಬಾರದು ಎಂದದ್ದಕ್ಕೆ ಕಾರಣವಿತ್ತು. ನಾಳೆಯದು ಸಾಧಾರಣ ಸಭೆಯಲ್ಲ. ಎಡಸಾಲಿನ ಆರು ಮಂದಿಯಲ್ಲಿ ಹಿರಿಯರು ನಮ್ಮ ಬೀದಿಯ ಗಡಿಯಾರ ರಿಪೇರಿಯವರು. ನಲವತ್ತರ ವಯಸ್ಸಿನಲ್ಲಿ ಕಿವಿ ಕಳೆದುಕೊಂಡವರು. ಮಾತು ಚೆನ್ನಾಗಿ ಆಡುತ್ತಾರೆ, ಆದರೆ ತಮ್ಮ ದನಿ ತಮಗೆ ಕೇಳಿಸದ ಕಾರಣ ಗುಟ್ಟನ್ನೂ ಗಟ್ಟಿಯಾಗಿಯೇ ಹೇಳುತ್ತಾರೆ. ಹೋದ ತಿಂಗಳು ಅವರ ಹೆಂಡತಿ ತೀರಿಕೊಂಡರು. ಅಂತ್ಯಸಂಸ್ಕಾರದ ದಿನ ನನ್ನ ಹೆಂಡತಿ ಜ್ವರದಿಂದ ಮಲಗಿದ್ದಳು; ತಪ್ಪಿದ ಒಂದು ಸಲ ಎಂದೆನಲ್ಲ, ಅದೇ ಅದು. ಅಂದು ನನ್ನ ತುಟಿಗಳೂ ಅಲ್ಲಾಡಿದವು, ಇತರರ ತುಟಿಗಳೂ ಅಲ್ಲಾಡಿದವು. ಅವರಿಗೆ ಒಂದು ಅಕ್ಷರವೂ ತಲುಪಲಿಲ್ಲ. ನಾಳೆ ಆಕೆಯ ನೆನಪಿನ ಸಭೆ. ನನ್ನ ಎರಡೂ ಕೈಗಳನ್ನು ಹಿಡಿದು ಅವರು ಹೇಳಿದ್ದರು: “ನನ್ನವಳ ಬಗ್ಗೆ ನೀವು ಆಡೋ ಒಂದು ಮಾತೂ ಈ ಸಲ ನನಗೆ ತಪ್ಪಿಹೋಗಬಾರದು.”

ಇಂಥ ಸಭೆಯಲ್ಲಿ ಅಕ್ಷರಗಳು ತೊದಲಬಹುದೇ? ಕೂಡದು. ಹೆಂಡತಿ ಮರಳುವ ಮೊದಲು ಕೀಲಿಮಣೆಗೆ ನವಜನ್ಮ ಕೊಟ್ಟು ಅವಳನ್ನು ಬೆರಗುಗೊಳಿಸುತ್ತೇನೆ ಎಂದು ನಿಶ್ಚಯಿಸಿ ಕೋಣೆಯ ಚಿಲಕ ಹಾಕಿಕೊಂಡೆ.

ಕೀಲಿಮಣೆಯ ಡಬ್ಬಿಯಲ್ಲಿ ಬಾಮೈದ ಬರೆದಿಟ್ಟ ಒಂದು ಕಾಗದವಿತ್ತು, ಒಂದು ಪೆನ್‌ಡ್ರೈವೂ ಇತ್ತು. ಇಷ್ಟು ವರ್ಷ ಊರಿಗೆಲ್ಲ ಉಪದೇಶ ಮಾಡಿದವನು ಹೆಂಡತಿಯ ತಮ್ಮನಿಂದ ಉಪದೇಶ ಪಡೆಯುವುದೇ? ಕಾಗದವನ್ನು ಚಹದ ಲೋಟದ ಕೆಳಗೆ ಇಟ್ಟೆ.

ಆತ್ಮ ಹೊಸದಾಗುವಾಗ ದೇಹವೂ ಶುದ್ಧವಾಗಲಿ ಎಂಬ ಆಲೋಚನೆ ಬಂದದ್ದು ಆಮೇಲೆ. ನಲವತ್ತೆಂಟು ಕೀಲಿಗಳ ಟೊಪ್ಪಿಗೆಗಳನ್ನೂ ಒಂದೊಂದಾಗಿ ಕಿತ್ತು, ಸೋಪಿನ ನೀರಲ್ಲಿ ತೊಳೆದು, ಅಡುಗೆಮನೆಯ ಜರಡಿಯಲ್ಲಿ ಆರಲು ಹಾಕಿದೆ. ಅಕ್ಷರಗಳೆಲ್ಲ ಜರಡಿಗೆ ಹೋದವು. ಕೀಲಿಮಣೆಯ ಮೇಲೆ ಬರಿಯ ಬೋಳು ಗೂಟಗಳು ಉಳಿದವು. ಯಾವ ಗೂಟ ಯಾವ ಅಕ್ಷರವೆಂದು ಬರೆದಿಟ್ಟುಕೊಂಡಿರಾ ಎಂದು ಕೇಳುವ ಓದುಗರು ದಯವಿಟ್ಟು ಮುಂದಿನ ಪ್ಯಾರಾಕ್ಕೆ ನಡೆಯಬೇಕು.

ಬ್ಯಾಟರಿಯಿಲ್ಲದ ನಮ್ಮ ಮೇಜಿನ ಕಂಪ್ಯೂಟರಿಗೆ ಕೀಲಿಮಣೆ ಸಿಕ್ಕಿಸಿದರೆ ಸಾಲದು. ಅದನ್ನು ಹೊಸ ಫರ್ಮ್‌ವೇರ್ ಸ್ವೀಕರಿಸುವ ಸ್ಥಿತಿಗೆ ತರಬೇಕು. ಅದಕ್ಕಾಗಿ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಂಡಿ ಇದೆ, ಅದನ್ನು ಎರಡು ಸಲ ಬೇಗಬೇಗನೆ ಒತ್ತಬೇಕು. ನಾನು ಒತ್ತಿದೆ. ಕಂಪ್ಯೂಟರು ನನ್ನನ್ನು ಗುರುತಿಸಲಿಲ್ಲ. ಬೆರಳಿನಿಂದ ಒತ್ತಿದೆ, ಪೆನ್ನಿನಿಂದ ಒತ್ತಿದೆ, ಪ್ರಾರ್ಥಿಸಿ ಒತ್ತಿದೆ. ಒಂದೂವರೆ ಗಂಟೆ ಹೀಗೆಯೇ ಕಳೆಯಿತು. ಹೊರಗೆ ಬಾಗಿಲು ತೆರೆದ ಸದ್ದಾಯಿತು, ಹೆಂಡತಿ ಬಂದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ನಾಳೆಯ ಮಾತಿಗೆ ಸಿದ್ಧತೆ ಎಂದೆ. ಅಷ್ಟು ಹೊತ್ತಿಗೆ ನನ್ನ ಸ್ಕ್ರೂಡ್ರೈವರಿನ ಮೊನೆ ಗುಂಡಿಯ ಮೇಲಿತ್ತು. ಟಕ್, ಟಕ್. ಕಂಪ್ಯೂಟರು ಕಿಣಿ ಎಂದಿತು. ಕೊನೆಗೂ ಬಾಗಿಲು ತೆರೆದಿತ್ತು! ಜೊತೆಗೆ ಗುಂಡಿಯೂ ಕಳಚಿ ನನ್ನ ಅಂಗೈಗೆ ಬಂದಿತ್ತು.

ಇರಲಿ, ಇನ್ನು ಗುಂಡಿಯ ಅಗತ್ಯವೇನು ಎಂದು ಸಮಾಧಾನ ಮಾಡಿಕೊಂಡು ‘ಬರೆ’ ಎಂದು ಆಜ್ಞೆ ಕೊಟ್ಟೆ. ಹಳೆಯದನ್ನು ಅಳಿಸಲಾಗುತ್ತಿದೆ ಎಂದಿತು. ಅಳಿಸಲಾಯಿತು ಎಂದಿತು. ಹೊಸದನ್ನು ಬರೆಯಲಾಗುತ್ತಿದೆ ಎಂದಿತು. ಹಸಿರು ಪಟ್ಟಿ ಮೆಲ್ಲನೆ ಬೆಳೆಯತೊಡಗಿತು. ಶೇಕಡಾ ಹತ್ತು. ಹದಿನೆಂಟು. ಇಪ್ಪತ್ತಾರು.

ಆಗ ಗೋಡೆ ಗಡಿಯಾರ ಆರು ಹೊಡೆಯಲು ಶುರು ಮಾಡಿತು.

ಇಲ್ಲಿ ನಮ್ಮ ಮನೆಯ ಒಂದು ನಿಯಮವನ್ನು ತಿಳಿಸಬೇಕು. ಮೂರು ವರ್ಷಗಳ ಹಿಂದೆ, ಸಂಜೆಯ ಪ್ರಾರ್ಥನೆಯ ನಡುವೆ ಮಿಕ್ಸಿ, ಟೀವಿ, ಫೋನು ಇತ್ಯಾದಿಗಳ ಹಾವಳಿ ತಡೆಯಲಾರದೆ ನಾನೇ ಒಂದು ಆಜ್ಞೆ ಹೊರಡಿಸಿದ್ದೆ: ಆರು ಹೊಡೆದೊಡನೆ ಮನೆಯ ಮುಖ್ಯ ಸ್ವಿಚ್ಚು ಇಳಿಸತಕ್ಕದ್ದು, ಮೇಣದಬತ್ತಿ ಹಚ್ಚತಕ್ಕದ್ದು, ಇಪ್ಪತ್ತು ನಿಮಿಷ ಈ ಮನೆಯಲ್ಲಿ ದೇವರ ಹೊರತು ಯಾರಿಗೂ ಶಕ್ತಿ ಇರತಕ್ಕದ್ದಲ್ಲ. ನನ್ನ ಹೆಂಡತಿ ಇದನ್ನು ಒಂದು ದಿನವೂ ತಪ್ಪಿಸಿಲ್ಲ. ಇದನ್ನೂ ನಾನು ಸಭೆಯಲ್ಲಿ ಉದಾಹರಣೆಯಾಗಿ ಕೊಟ್ಟಿದ್ದೇನೆ.

ಅವಳ ಚಪ್ಪಲಿಯ ಸದ್ದು ಹಜಾರದ ಸ್ವಿಚ್‌ಬೋರ್ಡಿನ ಕಡೆಗೆ ಹೊರಟಿತು. ಶೇಕಡಾ ಮೂವತ್ತೊಂದು. ನಿಲ್ಲು ಎಂದು ಒಂದೇ ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಕೂಗಿದರೆ ಗುಟ್ಟು ಬಯಲಾಗುತ್ತದೆ. ಮುಟ್ಟಬೇಡಿ ಎಂದದ್ದನ್ನು ಮುಟ್ಟಿದ್ದು ತಿಳಿಯುತ್ತದೆ. ಅವಳು ಮೊದಲು ಬೆಂಕಿಪೊಟ್ಟಣ ಹುಡುಕಬಹುದು, ಅಷ್ಟರಲ್ಲಿ ಮುಗಿದೀತು ಎಂದು ಲೆಕ್ಕ ಹಾಕಿದೆ. ಮೂವತ್ತಾರು. ಬೆಂಕಿಪೊಟ್ಟಣ ಅವಳಿಗೆ ಸಿಕ್ಕಿದ ಸದ್ದು ಕೇಳಿಸಿತು. ಮೂವತ್ತೊಂಬತ್ತು. ಮೂವತ್ತು ವರ್ಷ ಯಾರು ಸನ್ನೆ ಮಾಡಿದರೂ ಮುಚ್ಚದ ನನ್ನ ಬಾಯಿ, ತೆರೆಯಲೇಬೇಕಾಗಿದ್ದ ಆ ಒಂದೇ ಗಳಿಗೆಯಲ್ಲಿ ಅಂಟು ಹಾಕಿದಂತೆ ಮುಚ್ಚಿಕೊಂಡಿತ್ತು. ನಲವತ್ತೊಂದು.

ಕತ್ತಲು.

“ಪ್ರಾರ್ಥನೆಗೆ ಬನ್ನಿ” ಎಂದಳು ಅವಳು.

ಅಂದಿನ ಪ್ರಾರ್ಥನೆಯಲ್ಲಿ ನಾನು ಏನು ಹೇಳಿದೆನೋ ನನಗೆ ನೆನಪಿಲ್ಲ. ಅರ್ಧಕ್ಕೆ ನಿಂತವರನ್ನು, ಹಳೆಯದು ಅಳಿದು ಹೊಸದು ಬಾರದೆ ನಡುವೆ ಉಳಿದವರನ್ನು ಕೈಬಿಡಬೇಡ ತಂದೆಯೇ ಎಂದು ಬೇಡಿಕೊಂಡದ್ದು ಮಾತ್ರ ನಿಜ. ಇಪ್ಪತ್ತು ನಿಮಿಷದ್ದು ಮೂರು ನಿಮಿಷಕ್ಕೆ ಮುಗಿಯಿತು. ಹೆಂಡತಿ ಮೇಣದಬತ್ತಿಯನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು.

“ಏನು ಮಾಡಿದ್ರಿ?”

ನಾನು ಅವಳನ್ನು ಕೋಣೆಗೆ ಕರೆದುಕೊಂಡು ಹೋದೆ. ಸ್ವಿಚ್ಚು ಏರಿಸಿ ಬಂದವಳು ಬೋಳು ಗೂಟಗಳನ್ನು ನೋಡಿದಳು, ನನ್ನ ಅಂಗೈಯಲ್ಲಿದ್ದ ಗುಂಡಿಯನ್ನು ನೋಡಿದಳು. ಎಲ್ಲವನ್ನೂ ಒಪ್ಪಿಕೊಂಡೆ. ಕಂಪ್ಯೂಟರಿಗೆ ಈಗ ಕೀಲಿಮಣೆ ಇದೆ ಎಂಬುದೇ ಗೊತ್ತಿಲ್ಲ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಕುರ್ಚಿಯ ಮೇಲೆ ಕುಳಿತು ತನ್ನ ಬಲಗೈಯ ಮಡಚದ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡಳು.

“ಆ ಗಡಿಯಾರದ ಅಣ್ಣನಿಗೆ ಏನು ಹೇಳೋದು ರೀ ನಾಳೆ? ಇನ್ನೊಂದು ಸಲ ತುಟಿ ನೋಡ್ಕೊಂಡು ಕೂತ್ಕೊಳ್ಳಿ ಅಂತ ಹೇಳೋದಾ?”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಹದ ಲೋಟ ಎತ್ತಿ ಬಾಮೈದನ ಕಾಗದವನ್ನು ಓದಿದೆ. ಮೂರು ಸಾಲು. ಬರೆಯುವಾಗ ಕರೆಂಟು ಹೋಗಬಾರದು. ಟೊಪ್ಪಿಗೆ ಕೀಳಬೇಡಿ. ಹಿಂದಿನ ಗುಂಡಿ ಬಹಳ ಸೂಕ್ಷ್ಮ, ಉಗುರು ಮಾತ್ರ ತಾಗಿಸಿ. ಕೆಳಗೆ ಇನ್ನೂ ಒಂದು ಸಾಲು: ‘ಭಾವ ಈ ಕೋಣೆಯಲ್ಲಿ ಇಲ್ಲದಾಗ ಮಾಡುವುದು ಒಳ್ಳೆಯದು.’ ಚಹದ ಲೋಟದ ಗುರುತು ಆ ಸಾಲಿನ ಸುತ್ತಲೇ ದುಂಡಗೆ ಬಿದ್ದಿತ್ತು. ಕಾಗದ ಮಗುಚಿದರೆ ಹಿಂಬದಿಯಲ್ಲಿ ಉದ್ಧಾರದ ಮಾರ್ಗವಿತ್ತು. ಬರೆಯುವುದು ಅರ್ಧಕ್ಕೆ ನಿಂತರೂ ಕೀಲಿಮಣೆ ಸಾಯುವುದಿಲ್ಲ. ಎರಡು ಸಲ ಗುಂಡಿ ಒತ್ತಿದರೆ ಮತ್ತೆ ಸ್ವೀಕರಿಸುವ ಸ್ಥಿತಿಗೆ ಬರುತ್ತದೆ. ಪೆನ್‌ಡ್ರೈವಿನಲ್ಲಿ ಅಕ್ಕನ ಹಳೆಯ ಫೈಲು ಇದೆ, ಅದನ್ನೇ ಬರೆಯಿರಿ. ಗುಂಡಿಯೇ ಮುರಿದರೆ ಅದರ ಕೆಳಗಿನ ಎರಡು ಲೋಹದ ಚುಕ್ಕೆಗಳನ್ನು ಅರ್ಧ ಸೆಕೆಂಡಿನೊಳಗೆ ಎರಡು ಸಲ ಕೂಡಿಸಿ ಬಿಡಿ. ಪಕ್ಕದ ಚುಕ್ಕೆಗೆ ತಾಗಿಸಿದರೆ ಚಿಪ್ ಸುಡುತ್ತದೆ.

ಸೂಜಿಯ ಮೊನೆಯಷ್ಟು ಚುಕ್ಕೆಗಳು. ನನ್ನ ಕೈ ಈಗಾಗಲೇ ಒಂದು ಗುಂಡಿ ಕಿತ್ತಿದೆ, ಅವಳ ಬೆರಳು ಮಡಚುವುದಿಲ್ಲ.

ಆ ಹೊತ್ತಿಗೆ ಬಾಗಿಲ ಗಂಟೆ ಮೊಳಗಿತು. ನಿಲ್ಲಲಿಲ್ಲ. ನಿಲ್ಲದೆ ಬಾರಿಸುವವರು ನಮ್ಮ ಪರಿಚಯದಲ್ಲಿ ಒಬ್ಬರೇ; ತಮಗೆ ಕೇಳಿಸದ ಗಂಟೆ ನಮಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನದಿಂದ ಬಾಗಿಲು ತೆರೆಯುವ ತನಕ ಒತ್ತಿ ಹಿಡಿದಿರುತ್ತಾರೆ. ಗಡಿಯಾರದವರು ಕೈಯಲ್ಲಿ ಒಂದು ಚೀಟಿ ಹಿಡಿದು ನಿಂತಿದ್ದರು. ತಮ್ಮ ಹೆಂಡತಿಯ ಬಗ್ಗೆ ನಾಳೆ ಹೇಳಲು ಅನುಕೂಲವಾಗಲಿ ಎಂದು ಎರಡು ಸಾಲು ಬರೆದು ತಂದಿದ್ದರಂತೆ. ನಾನು ಓದಿದೆ. ‘ಅವಳು ಜೋರಾಗಿ ನಗುತ್ತಿದ್ದಳು. ಕಿವಿ ಹೋಗುವ ಮುನ್ನ ನನಗೆ ಕೊನೆಯದಾಗಿ ಸ್ಪಷ್ಟವಾಗಿ ಕೇಳಿಸಿದ್ದು ಅದೇ.’

ಆ ಚೀಟಿಯನ್ನು ಓದಿದ ಮೇಲೆ ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ. ಇತರರ ಮಾತು ಬರೆಸಿಕೊಳ್ಳಲು ಅವರು ಜೇಬಲ್ಲಿಟ್ಟುಕೊಳ್ಳುವ ಪುಟ್ಟ ಪುಸ್ತಕದಲ್ಲೇ ನನ್ನ ಅಪರಾಧವನ್ನೆಲ್ಲ ಬರೆದು ಕೈಗೆ ಕೊಟ್ಟೆ. ಅವರು ನಿಧಾನವಾಗಿ ಓದಿ, ಬಾಮೈದನ ಕಾಗದವನ್ನೂ ಓದಿ, ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ ಸಣ್ಣ ಚಿಮಟವನ್ನೂ ತೆಗೆದರು.

“ನೀವು ದೂರ ನಿಲ್ಲಿ, ಉಪದೇಶಕರೇ. ನಿಮ್ಮ ಉಸಿರು ತಾಗುತ್ತೆ.”

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಚಿಮಟದ ಒಂದು ಕಾಲು ಪಕ್ಕದ ಚುಕ್ಕೆಯ ಅಂಚಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮೂರನೆಯ ಸಲ ಕಂಪ್ಯೂಟರು ಕಿಣಿ ಎಂದಿತು. ಅವರಿಗೆ ಅದು ಕೇಳಿಸಲಿಲ್ಲ. ಇನ್ನೊಂದು ಸಲ ಕೂಡಿಸಲು ಹೋದ ಅವರ ಮಣಿಕಟ್ಟನ್ನು ಅವಳು ಥಟ್ಟನೆ ಹಿಡಿದಳು.

ಪೆನ್‌ಡ್ರೈವು ಸಿಕ್ಕಿಸಿದ್ದಾಯಿತು. ಈ ಸಲ ನಾನು ಹಜಾರಕ್ಕೆ ಓಡಿ ಮುಖ್ಯ ಸ್ವಿಚ್ಚಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಕಾವಲು ನಿಂತೆ. ಮನೆಯಲ್ಲಿ ಇದ್ದವರು ಮೂವರೇ, ಯಾರೂ ಸ್ವಿಚ್ಚಿನ ಹತ್ತಿರ ಬರುವವರಿರಲಿಲ್ಲ. ಆದರೂ ನಿಂತೆ. ಒಳಗಿನಿಂದ ಹೆಂಡತಿಯ ದನಿ ಒಂದೊಂದೇ ಅಂಕಿಯನ್ನು ಹೇಳುತ್ತಿತ್ತು. ಇಪ್ಪತ್ತು. ಮೂವತ್ತು. ನಲವತ್ತು. ನಲವತ್ತೊಂದು. ಆಮೇಲೆ ದನಿ ನಿಂತಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ದೇವರಿಗೇ ಗೊತ್ತು.

“ನಲವತ್ತೆರಡು” ಎಂದಳು.

ನೂರಾದಾಗ ನಾನು ಕೋಣೆಯ ಬಾಗಿಲಿಗೆ ಬಂದೆ. ಎಲ್ಲ ಕೀಲಿಗಳೂ ಕೆಲಸ ಮಾಡುತ್ತಿವೆಯೇ ಎಂದು ಗಡಿಯಾರದವರು ಪರೀಕ್ಷಿಸುತ್ತಿದ್ದರು. ಟೊಪ್ಪಿಗೆಗಳು ಇನ್ನೂ ಜರಡಿಯಲ್ಲಿದ್ದವಾದ್ದರಿಂದ ಯಾವ ಗೂಟ ಯಾವುದೆಂದು ಅವರಿಗೆ ತಿಳಿಯದು. ಕೆಳಗಿನ ದೊಡ್ಡ ಗೂಟದ ಮೇಲೆ ಒಂದು ಬೆರಳು ಊರಿ, ಮೇಲಿನವುಗಳನ್ನು ಒಂದೊಂದಾಗಿ ಒತ್ತುತ್ತಾ ಹೋದರು. ಊರಿದ್ದು ಹೆಬ್ಬೆರಳಿನ ಕೀಲಿಯ ಮೇಲೆ! ಬೇಡ ಅಣ್ಣಾ ಎಂದು ನನ್ನ ಹೆಂಡತಿ ಅವರ ತೋಳು ಹಿಡಿಯುವಷ್ಟರಲ್ಲಿ ಪರದೆ ತುಂಬುತ್ತಿತ್ತು.

‘ಪ್ರಿಯ ಸಹೋದರ ಸಹೋದರಿಯರೇ, ಈ ಮುಂಜಾನೆ ನನ್ನ ಹೃದಯ ತುಂಬಿ ಬಂದಿದೆ.’

‘ಮುಗಿಸುವ ಮುನ್ನ ಒಂದೇ ಒಂದು ಮಾತು. (ಇನ್ನೂ ಇಪ್ಪತ್ತು ನಿಮಿಷ.)’

‘ಕೊನೆಯದಾಗಿ. (ಅಲ್ಲ.)’

‘ಈಗ ಕನ್ನಡಕ ಒರೆಸಿಕೊಳ್ಳುತ್ತಾರೆ.’

‘ದೋಣಿಯ ಕಥೆ. ನಿಮಗೆಲ್ಲ ಗೊತ್ತಿರುವುದೇ. ಆರು ನಿಮಿಷ ವಿಶ್ರಾಂತಿ.’

ದೋಣಿಯ ಕಥೆ ನನ್ನ ಉಪದೇಶಗಳ ಮುಕುಟಮಣಿ. ಬಿರುಗಾಳಿಯಲ್ಲಿ ಹುಟ್ಟು ಕಳೆದುಕೊಂಡ ಅಂಬಿಗನನ್ನು ನಾನು ವರ್ಣಿಸುವಾಗ ನನ್ನ ಹೆಂಡತಿ ಕೈಕಟ್ಟಿ ನನ್ನನ್ನೇ ನೋಡುತ್ತಾ ಕುಳಿತಿರುತ್ತಾಳೆ. ಟೈಪು ಮಾಡುವುದನ್ನೂ ಮರೆತಳಲ್ಲ, ಎಂಥ ತನ್ಮಯತೆ ಎಂದು ನಾನು ಎಷ್ಟೋ ಸಲ ಒಳಗೊಳಗೇ ಉಬ್ಬಿದ್ದೆ. ಅವಳು ಒಂದು ಕೀಲಿ ಒತ್ತಿ ವಿಶ್ರಾಂತಿ ಪಡೆಯುತ್ತಿದ್ದಳು.

ಗಡಿಯಾರದವರು ಪರದೆಯನ್ನು ಮೇಲಿಂದ ಕೆಳಗೆ ಓದಿ, ನಾನು ಬಾಗಿಲಲ್ಲಿರುವುದನ್ನು ಕಾಣದೆ, ಬೀದಿಗೆ ಕೇಳಿಸುವಂತೆ ಹೇಳಿದರು: “ಸರಿಯಾಗಿದೆ ತಂಗಿ. ಎಲ್ಲಾ ಇದೆ. ದೋಣಿ ಕೂಡ ಇದೆ.”

ಅವರು ಹೋದ ಮೇಲೆ ನಾವಿಬ್ಬರೂ ಜರಡಿ ಮುಂದಿಟ್ಟುಕೊಂಡು ಟೊಪ್ಪಿಗೆಗಳನ್ನು ಕೂರಿಸತೊಡಗಿದೆವು. ಅವಳು ಗೂಟ ತೋರಿಸುತ್ತಿದ್ದಳು, ನಾನು ತೊಡಿಸುತ್ತಿದ್ದೆ. ಹನ್ನೆರಡನೆಯ ಟೊಪ್ಪಿಗೆಯ ಹೊತ್ತಿಗೆ ಧೈರ್ಯ ತಂದುಕೊಂಡು, ಇದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದೆ.

“ಮೊದಲಿಂದಲೂ” ಎಂದಳು. “ನಿಮ್ಮ ಮಾತನ್ನ ಕೈಯಲ್ಲಿ ಹಿಡಿಯೋಕೆ ಆಗ್ತಿರಲಿಲ್ಲ ರೀ. ಮತ್ತೆ ಮತ್ತೆ ಬರೋದನ್ನೆಲ್ಲ ತಮ್ಮ ಒಂದೊಂದು ಕೀಗೆ ಹಾಕಿಕೊಟ್ಟ.”

“ಆ ಕಂಸದೊಳಗಿನ ಮಾತು?”

“ಅದು ಬೇಕಲ್ಲ. ಕಿವಿ ಕೇಳಿಸೋರಾದ್ರೆ ನೀವು ನಿಜವಾಗ್ಲೂ ಮುಗಿಸ್ತೀರೋ ಇಲ್ವೋ ಅಂತ ನಿಮ್ಮ ದನಿಯಲ್ಲೇ ತಿಳ್ಕೊಂಡುಬಿಡ್ತಾರೆ. ಇವರಿಗೆ ಯಾರು ಹೇಳಬೇಕು?”

ನಾನು ಹದಿಮೂರನೆಯ ಟೊಪ್ಪಿಗೆ ತೊಡಿಸಿದೆ.

ಮರುದಿನ ಹತ್ತು ಗಂಟೆಗೆ ವೇದಿಕೆ ಏರಿದೆ. ‘ಪ್ರಿಯ’ ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿದೆ. ಕೆಳಗೆ ನನ್ನ ಹೆಂಡತಿ ಕೀಲಿಮಣೆಯನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ಸಿದ್ಧವಾಗಿ ಊರಿದ್ದಳು. ನಾನು ಆ ಮಹಾತಾಯಿಯ ನಗುವಿನಿಂದ ಆರಂಭಿಸಿದೆ. ಅಂಗಡಿಯ ನೂರು ಗಡಿಯಾರಗಳು ಒಟ್ಟಿಗೆ ಹೊಡೆದರೂ ಆಕೆಯ ನಗು ಅವುಗಳ ಮೇಲೆ ಕೇಳಿಸುತ್ತಿತ್ತು ಎಂದೆ. ಗಂಡನಿಗೆ ಕಿವಿ ಹೋದ ಮೇಲೆ, ಅವರು ಕಣ್ಣಿನಿಂದಲಾದರೂ ಕೇಳಲಿ ಎಂದು, ಅವರ ಎದುರಿಗೆ ಬಂದು ನಿಂತು ನಗುತ್ತಿದ್ದರು ಎಂದೆ. ಅದನ್ನು ನಾನೇ ಅನೇಕ ಸಲ ಕಂಡಿದ್ದೆ. ನನ್ನ ಹೆಂಡತಿಯ ಹೆಬ್ಬೆರಳು ಮೆಲ್ಲನೆ ಎದ್ದಿತು. ಎಂಟು ಬೆರಳೂ ಓಡತೊಡಗಿದವು. ಒಂದೊಂದು ಅಕ್ಷರವನ್ನೂ ಅವಳು ಹೊಸದಾಗಿ ಬರೆಯಬೇಕಾಯಿತು. ಹಳೆಯ ಫೈಲಿನ ಜೊತೆ ತೊದಲೂ ಮರಳಿತ್ತು, ಎರಡಾಗಿ ಬಿದ್ದ ಅಕ್ಷರವನ್ನು ಅವಳು ಅಲ್ಲಲ್ಲೇ ಅಳಿಸಿಕೊಂಡಳು. ಗಡಿಯಾರದವರು ಪರದೆಯಿಂದ ಕಣ್ಣು ಕೀಳಲಿಲ್ಲ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವರು ನಗುತ್ತಿದ್ದರು.

ಹನ್ನೊಂದು ನಿಮಿಷಕ್ಕೆ ನಾನು ಹೇಳಬೇಕಾದದ್ದು ಮುಗಿಯಿತು. ಕೈಮುಗಿದು ವೇದಿಕೆಯಿಂದ ಇಳಿದೆ.

ಯಾರೂ ಏಳಲಿಲ್ಲ. ಇಡೀ ಸಭೆ ಕುಳಿತೇ ಇತ್ತು. ಹಿಂದಿನ ಸಾಲಿನವರು ನಾನು ನೀರು ಕುಡಿಯಲು ಇಳಿದೆನೆಂದು ಭಾವಿಸಿ ಕಾಯುತ್ತಿದ್ದರು. ಗಡಿಯಾರದವರು ಮಣಿಕಟ್ಟನ್ನು ಕಣ್ಣಿನ ಹತ್ತಿರ ತಂದರು, ಅಲ್ಲಾಡಿಸಿದರು, ತಮ್ಮ ವಾಚು ನಿಂತುಹೋಗಿದೆಯೆಂದು ಕೀಲಿ ಕೊಡಲು ಆರಂಭಿಸಿದರು. ನಾನು ಅವರ ಕೈ ಹಿಡಿಯಲೆಂದು ಎಡಸಾಲಿನ ಬಳಿಗೆ ನಡೆದೆ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಆ ಪರದೆಯ ಮುಂಭಾಗವನ್ನು ಕಂಡದ್ದು ಆಗಲೇ. ಇನ್ನೂ ಅನುಮಾನದಿಂದ ಕುಳಿತಿದ್ದ ಆ ಆರು ಮಂದಿಗಾಗಿ ನನ್ನ ಹೆಂಡತಿ ಕೊನೆಯ ಸಾಲನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡುತ್ತಿದ್ದಳು:

‘ಮುಗಿಯಿತು. ದೇವರಾಣೆ, ಈ ಸಲ ನಿಜವಾಗಿಯೂ ಮುಗಿಯಿತು. ಏಳಬಹುದು.’